ಹವಾ ತುಂಬಲಿ, ತಡೀರಿ

ಬೆಳಗಿನ ಐದೂವರೆ. ಬಾಗಲಕೋಟೆಯ ನವನಗರದ ಬಸ್ ನಿಲ್ದಾಣದಲ್ಲಿ ಹುನಗುಂದ, ಇಳಕಲ್ ಕಡೆಗೆ ಹೊರಡುವ ಬಸ್ಸೊಂದರ ಎಂಜಿನ್ ಚಾಲೂ ಆಗಿ ಮೂರು ನಿಮಿಷವಾಗಿದೆ. ಕಂಡಕ್ಟರ್ ಸೀಟಿ ಊದಿಯಾಗಿದೆ, ಬಾಗಿಲು ಹಾಕಿಯಾಗಿದೆ. ಆದರೂ ಬಸ್ಸು ಕದಲುತ್ತಿಲ್ಲ. ಡ್ರೈವರನ ಮುಂದೆ ಒಂದು ಕೆಂಪು ದೀಪ ಉರಿಯುತ್ತಿದೆ, ಜೊತೆಗೆ ಕಿವಿ ಕೊರೆಯುವ ‘ಕುಂಯ್’ ಸದ್ದು. ಮದುವೆಗೆ ಸೀರೆ ಕೊಳ್ಳಲು ಇಳಕಲ್ಲಿಗೆ ಹೊರಟ ಹಿರಿಯರೊಬ್ಬರಿಗೆ ತಾಳ್ಮೆ ತಪ್ಪುತ್ತದೆ.

“ಏನ್ರೀ ಡ್ರೈವರ್ ಸಾಹೇಬ್ರ, ಗಾಡಿ ಚಾಲೂ ಮಾಡಿ ಎಷ್ಟೊತ್ತಾತು, ಬಿಡೂದಿಲ್ಲೇನು?”

“ಹವಾ ತುಂಬಲಿ, ತಡೀರಿ.”

ಹಿರಿಯರು ಕಿಟಕಿಯಿಂದ ಬಗ್ಗಿ ಟೈರು ನೋಡುತ್ತಾರೆ. ಟೈರುಗಳು ಗಟ್ಟಿಯಾಗಿಯೇ ಇವೆ. ಡ್ರೈವರ್ ಹೇಳಿದ ಹವಾ ಟೈರಿನದಲ್ಲ, ಬ್ರೇಕಿನದು. ಎದುರಿನ ಫಲಕದಲ್ಲಿ ಗಡಿಯಾರದಂಥ ಒಂದು ಮೀಟರ್ ಇದೆ, ಅದರಲ್ಲಿ ಎರಡು ಮುಳ್ಳು. ಅವೆರಡೂ ನಿಧಾನಕ್ಕೆ ಮೇಲೇರಿ ಐದನ್ನು ದಾಟುತ್ತಿದ್ದಂತೆ ಕುಂಯ್‌ಗುಟ್ಟುವುದು ನಿಲ್ಲುತ್ತದೆ. ಮುಳ್ಳು ಎಂಟರ ಹತ್ತಿರ ಬಂದಾಗ ಬಸ್ಸಿನ ಹೊಟ್ಟೆಯಿಂದ ‘ಪ್ಸ್ಸ್’ ಎಂದು ಸೀನು. ಡ್ರೈವರ್ ಪಕ್ಕದ ಸಣ್ಣ ಹಿಡಿಕೆಯೊಂದನ್ನು ಬಿಡುತ್ತಾನೆ, ಮತ್ತೊಂದು ಸೀನು. ಆಮೇಲೆ ಬಸ್ಸು ಹೊರಡುತ್ತದೆ.

ಆ ಹಿರಿಯರ ಪ್ರಶ್ನೆಯಲ್ಲಿ ನ್ಯಾಯವಿದೆ. ಬ್ರೇಕು ಇರುವುದು ಗಾಡಿ ನಿಲ್ಲಿಸಲಿಕ್ಕೆ. ನಿಂತಿರುವ ಗಾಡಿ ಹೊರಡಲಿಕ್ಕೆ ಬ್ರೇಕಿನ ಗಾಳಿಗೆ ಏಕೆ ಕಾಯಬೇಕು?

ಉತ್ತರ ಹಿಂದಿನ ಚಕ್ರಗಳ ಬಳಿ, ಕುಕ್ಕರಿನಷ್ಟು ದಪ್ಪದ ಒಂದು ಉಕ್ಕಿನ ಡಬ್ಬಿಯಲ್ಲಿದೆ. ಗ್ಯಾರೇಜಿನವರು ಅದನ್ನು ಬ್ರೇಕ್ ಚೇಂಬರ್ ಎನ್ನುತ್ತಾರೆ, ಕೆಲವರು ಬೂಸ್ಟರ್ ಎಂದೂ ಕರೆಯುತ್ತಾರೆ. ಅದರ ಒಂದು ಕೋಣೆಯಲ್ಲಿ ದಪ್ಪ ಸ್ಪ್ರಿಂಗ್ ಕುಳಿತಿದೆ. ಗಾಳಿಯಿಲ್ಲದಾಗ ಆ ಸ್ಪ್ರಿಂಗ್ ಪೂರ್ತಿ ಹಿಗ್ಗಿ, ಒಂದು ಸರಳನ್ನು ಮುಂದಕ್ಕೆ ನೂಕಿ, ಚಕ್ರದ ಬ್ರೇಕನ್ನು ಬಿಗಿಹಿಡಿದಿರುತ್ತದೆ. ಗಾಳಿ ಬಂದು ಸ್ಪ್ರಿಂಗನ್ನು ಹಿಂದಕ್ಕೆ ಅದುಮಿದಾಗ ಮಾತ್ರ ಹಿಡಿತ ಸಡಿಲವಾಗುತ್ತದೆ. ಅಂದರೆ ಏರ್ ಬ್ರೇಕ್ ಇರುವ ಲಾರಿಗೆ, ಬಸ್ಸಿಗೆ ನಿಂತಿರುವುದೇ ಸಹಜ ಸ್ಥಿತಿ. ಓಡಲು ಅದಕ್ಕೆ ಗಾಳಿಯ ಪರವಾನಗಿ ಬೇಕು. ಪೈಪು ಹರಿದು ಗಾಳಿಯೆಲ್ಲ ಸೋರಿಹೋಯಿತು ಎನ್ನಿ, ಸ್ಪ್ರಿಂಗ್ ತಾನಾಗಿ ಹಿಗ್ಗಿ ಹಿಂದಿನ ಚಕ್ರಗಳನ್ನು ಕಚ್ಚಿಕೊಳ್ಳುತ್ತದೆ. ದಾರಿಯ ನಡುವೆ ಲಾರಿ ಕೆಟ್ಟು ಅಲುಗಾಡದೆ ನಿಂತಾಗ ಅದನ್ನು ಎಳೆದೊಯ್ಯಲು ಬಂದವರು ಮೊದಲು ಮಾಡುವ ಕೆಲಸ, ಚೇಂಬರಿನ ಹಿಂದಿನ ಬೋಲ್ಟನ್ನು ಪಾನಾದಿಂದ ತಿರುಗಿಸಿ ಈ ಸ್ಪ್ರಿಂಗನ್ನು ಕಟ್ಟಿಹಾಕುವುದು. ಅನುಭವಿ ಮಿಸ್ತ್ರಿಗಳು ಈ ಡಬ್ಬಿಯ ಹೊರಪಟ್ಟಿಯನ್ನು ಮಾತ್ರ ಬಿಚ್ಚುವುದಿಲ್ಲ. ಒಳಗೆ ಅದುಮಿಟ್ಟ ಸ್ಪ್ರಿಂಗ್ ಚಿಮ್ಮಿ ಜೀವ ತೆಗೆದ ಉದಾಹರಣೆಗಳಿವೆ.

ಬಾದಾಮಿಯ ಪಕ್ಕದ ಬನಶಂಕರಿಯಲ್ಲಿ ಬನದ ಹುಣ್ಣಿಮೆಯ ದಿನ ತೇರು ಎಳೆಯುವುದನ್ನು ನೋಡಿದವರಿಗೆ ಇದರ ತದ್ವಿರುದ್ಧ ಪದ್ಧತಿ ಗೊತ್ತು. ತೇರಿಗೆ ಬ್ರೇಕಿಲ್ಲ. ಗಾಲಿಯ ಪಕ್ಕದಲ್ಲೇ ನಡೆಯುವ ಕೆಲವರು ಸರಿಯಾದ ಗಳಿಗೆ ನೋಡಿ ಮರದ ತುಂಡನ್ನು ಗಾಲಿಯಡಿ ಸರಿಸುತ್ತಾರೆ. ಅವರು ಎಡವಿದರೆ ತೇರು ನಿಲ್ಲದು. ಏರುದಾರಿಯಲ್ಲಿ ಲಾರಿ ನಿಂತಾಗ ಕ್ಲೀನರ್ ಹುಡುಗ ಜಿಗಿದು ಹಿಂದಿನ ಟೈರಿಗೆ ಕಲ್ಲು ಕೊಡುವುದೂ ಇದೇ ಮನೆತನದ ವಿದ್ಯೆ. ಮನುಷ್ಯ ಕೆಲಸ ಮಾಡಿದರೆ ಮಾತ್ರ ಗಾಡಿ ನಿಲ್ಲುವ ಪದ್ಧತಿ ಅದು. ಮನುಷ್ಯನೂ ಯಂತ್ರವೂ ಕೈಬಿಟ್ಟಾಗ ತಾನಾಗಿ ನಿಲ್ಲುವ ಪದ್ಧತಿ ಇದು. ಈ ತಿರುವು ಮುರುವು ಯೋಚನೆ ಮೊದಲು ಹೊಳೆದದ್ದು ಲಾರಿಯವರಿಗಲ್ಲ, ರೈಲಿನವರಿಗೆ.

ಅಮೆರಿಕದ ಜಾರ್ಜ್ ವೆಸ್ಟಿಂಗ್‌ಹೌಸ್ 1869ರ ಏಪ್ರಿಲ್‌ನಲ್ಲಿ ತನ್ನ ಮೊದಲ ಏರ್ ಬ್ರೇಕಿಗೆ ಪೇಟೆಂಟ್ ಪಡೆದಾಗ ಅವನಿಗೆ 22 ವರ್ಷ. ಅಲ್ಲಿಯವರೆಗೆ ರೈಲು ನಿಲ್ಲಿಸುವುದೆಂದರೆ ಒಂದೊಂದು ಡಬ್ಬಿಯ ಮೇಲೂ ಒಬ್ಬ ಆಳು ಹತ್ತಿ ಕೈಯಿಂದ ಚಕ್ರ ತಿರುಗಿಸಿ ಬ್ರೇಕು ಬಿಗಿಯಬೇಕಿತ್ತು. ಆಲ್ಪ್ಸ್ ಪರ್ವತದ ಮಾಂಟ್ ಸೆನಿ ಸುರಂಗ ಕೊರೆಯಲು ಅದುಮಿದ ಗಾಳಿಯನ್ನು ದೂರದಿಂದ ಪೈಪಿನಲ್ಲಿ ಸಾಗಿಸುತ್ತಾರೆಂಬ ಸುದ್ದಿಯನ್ನು ಪತ್ರಿಕೆಯಲ್ಲಿ ಓದಿ ಅವನಿಗೆ ಈ ವಿಚಾರ ಹೊಳೆಯಿತೆಂದು ಹೇಳುತ್ತಾರೆ. ಅವನ ಮೊದಲ ಯಂತ್ರ ಸರಳವಾಗಿತ್ತು: ಎಂಜಿನ್ನಿನಲ್ಲಿ ಗಾಳಿಯ ಟ್ಯಾಂಕು, ಹಿಂದಿನ ಡಬ್ಬಿಗಳವರೆಗೆ ಪೈಪು. ಗಾಳಿ ಬಿಟ್ಟರೆ ಬ್ರೇಕು ಹಿಡಿಯುತ್ತಿತ್ತು. ಆದರೆ ನಡುವೆ ಕೊಂಡಿ ಕಳಚಿ ರೈಲು ಎರಡಾದರೆ ಪೈಪು ಹರಿಯುತ್ತಿತ್ತು, ಗಾಳಿ ಹೋಗುತ್ತಿತ್ತು, ಬ್ರೇಕು ಬೇಕೇಬೇಕಾದ ಹೊತ್ತಿನಲ್ಲೇ ಇಲ್ಲವಾಗುತ್ತಿತ್ತು. 1872ರಲ್ಲಿ ಅವನು ಇಡೀ ವ್ಯವಸ್ಥೆಯನ್ನು ತಲೆಕೆಳಗು ಮಾಡಿದ. ಪ್ರತಿ ಡಬ್ಬಿಗೂ ಅದರದೇ ಪುಟ್ಟ ಟ್ಯಾಂಕು ಕೊಟ್ಟ. ಪೈಪಿನಲ್ಲಿ ಒತ್ತಡ ಇರುವವರೆಗೆ ಬ್ರೇಕು ಬಿಟ್ಟಿರಬೇಕು, ಒತ್ತಡ ಇಳಿದರೆ ಹಿಡಿಯಬೇಕು. ಪೈಪು ಹರಿಯುವುದೇ ಈಗ ಬ್ರೇಕು ಒತ್ತಿದಂತಾಯಿತು. 1893ರಲ್ಲಿ ಅಮೆರಿಕದ ಸರ್ಕಾರ ಕಾನೂನು ಮಾಡಿ ರೈಲುಗಳಿಗೆ ಇಂಥ ಬ್ರೇಕುಗಳನ್ನು ಕಡ್ಡಾಯಗೊಳಿಸಿತು.

ಬಾಗಲಕೋಟೆ ಮತ್ತು ಬಾದಾಮಿಯ ಹಳಬರಿಗೆ ರೈಲು ಎಂದರೆ ನೆನಪಾಗುವುದು ಇನ್ನೊಂದು ಬಗೆಯ ಬ್ರೇಕು. 1880ರ ದಶಕದಲ್ಲಿ ಸದರ್ನ್ ಮರಾಠಾ ರೈಲ್ವೆ ಹಾಕಿದ ಗದಗ–ಹೋಟಗಿ ಮೀಟರ್ ಗೇಜ್ ಹಳಿಯ ಮೇಲೆ ಓಡಿದ ರೈಲುಗಳಲ್ಲಿದ್ದದ್ದು ನಿರ್ವಾತದ ಬ್ರೇಕು, ಅಂದರೆ ವ್ಯಾಕ್ಯೂಮ್ ಬ್ರೇಕು. ಅಲ್ಲಿ ಪೈಪಿನಿಂದ ಗಾಳಿಯನ್ನು ಹೀರಿ ತೆಗೆಯುತ್ತಿದ್ದರು. ಬ್ರೇಕು ಹಿಡಿಯಬೇಕಾದಾಗ ಹೊರಗಿನ ವಾತಾವರಣವನ್ನೇ ಒಳಗೆ ನುಗ್ಗಿಸುತ್ತಿದ್ದರು. ಅದರ ಮಿತಿ ಪ್ರಕೃತಿಯೇ ಹಾಕಿಕೊಟ್ಟದ್ದು. ಹೊರಗಿನ ಗಾಳಿ ಪ್ರತಿ ಚದರ ಸೆಂಟಿಮೀಟರಿಗೆ ಸುಮಾರು ಒಂದು ಕಿಲೋದಷ್ಟೇ ಅದುಮಬಲ್ಲದು. ಪೂರ್ತಿ ನಿರ್ವಾತ ಸಿಗುವುದಿಲ್ಲವಾದ್ದರಿಂದ ಅದರಲ್ಲೂ ಮೂರನೇ ಎರಡು ಪಾಲು ಮಾತ್ರ ಕೈಗೆ ದಕ್ಕುತ್ತದೆ. ಅದುಮಿದ ಗಾಳಿಗೆ ಈ ಕಡಿವಾಣವಿಲ್ಲ. ಇಂದಿನ ಭಾರತೀಯ ರೈಲಿನ ಬ್ರೇಕ್ ಪೈಪಿನಲ್ಲಿ ಚದರ ಸೆಂಟಿಮೀಟರಿಗೆ 5 ಕಿಲೋ ಒತ್ತಡವಿರುತ್ತದೆ, ಲಾರಿಯ ಟ್ಯಾಂಕಿನಲ್ಲಿ 8ರ ಆಸುಪಾಸು.

ವೆಸ್ಟಿಂಗ್‌ಹೌಸ್‌ನ ಹೆಸರು ಇಳಕಲ್ಲಿನ ಲಾರಿಗಳವರೆಗೂ ಬಂದಿದೆ, ಅಕ್ಷರಗಳ ರೂಪದಲ್ಲಿ. ಚೆನ್ನೈನಲ್ಲಿ 1962ರಲ್ಲಿ ಬ್ರಿಟನ್ನಿನ ಕ್ಲೇಟನ್ ಡೆವಾಂಡರ್ ಕಂಪನಿಯ ಸಹಯೋಗದಲ್ಲಿ ಸುಂದರಂ ಕ್ಲೇಟನ್ ಶುರುವಾಯಿತು. ನಮ್ಮ ದೇಶದ ಲಾರಿ, ಬಸ್ಸುಗಳ ಏರ್ ಬ್ರೇಕುಗಳಲ್ಲಿ ಬಹುಪಾಲು ಅಲ್ಲಿಂದ ಬಂದವು. ಆ ವಿಭಾಗ ಮುಂದೆ ವ್ಯಾಬ್ಕೊ ಇಂಡಿಯಾ ಆಯಿತು. ವ್ಯಾಬ್ಕೊ ಎಂದರೆ ‘ವೆಸ್ಟಿಂಗ್‌ಹೌಸ್ ಏರ್ ಬ್ರೇಕ್ ಕಂಪನಿ’ಯ ಮೊದಲಕ್ಷರಗಳ ಕೂಟ. 2020ರಲ್ಲಿ ಜರ್ಮನಿಯ ಝಡ್‌ಎಫ್ ಆ ಕಂಪನಿಯನ್ನು ಕೊಂಡಿತು. ಗ್ಯಾರೇಜುಗಳಲ್ಲಿ ಮಾತ್ರ ಬಿಡಿಭಾಗಕ್ಕೆ ಇನ್ನೂ ಹಳೆಯ ಹೆಸರೇ.

ಇನ್ನು ಬಸ್ಸು ಹೊರಟ ಮೇಲಿನ ಮಾತು. ಕಮತಗಿ ದಾಟಿ ಅಮೀನಗಡದ ಕರದಂಟಿನ ಅಂಗಡಿಗಳ ಮುಂದೆ ಕುರಿ ಹಿಂಡೊಂದು ಅಡ್ಡ ಬಂತು, ಡ್ರೈವರ್ ಪೆಡಲ್ ಒತ್ತಿದ. ಆ ಕಾಲಿನ ಬಲ ಚಕ್ರವನ್ನು ಮುಟ್ಟುವುದೇ ಇಲ್ಲ. ಸೈಕಲ್ಲಿನ ಬ್ರೇಕಿನಲ್ಲಿ ಬೆರಳಿನ ಬಲ ತಂತಿಯಲ್ಲಿ ಹರಿದು ರಬ್ಬರಿಗೆ ಹೋಗುತ್ತದೆ. ಕಾರಿನಲ್ಲಿ, ಟಾಟಾ 407ರಂಥ ಚಿಕ್ಕ ಲಾರಿಯಲ್ಲಿ ಕಾಲಿನ ಬಲಕ್ಕೆ ಒಂದಿಷ್ಟು ಸಹಾಯ ಸೇರಿಸಿ ಎಣ್ಣೆಯ ಮೂಲಕ ಚಕ್ರಕ್ಕೆ ಕಳಿಸುತ್ತಾರೆ. ದೊಡ್ಡ ಗಾಡಿಯಲ್ಲಿ ಕಾಲು ಮಾಡುವುದು ನಲ್ಲಿ ತಿರುಗಿಸುವ ಕೆಲಸ ಮಾತ್ರ. ಟ್ಯಾಂಕಿನಲ್ಲಿ ಕಾದು ಕುಳಿತ ಗಾಳಿಗೆ ದಾರಿ ಬಿಡುವುದಷ್ಟೇ. ಎಷ್ಟು ಒತ್ತಿದರೆ ಅಷ್ಟೇ ಗಾಳಿ ಹೋಗುವಂತೆ ಪೆಡಲಿನ ಅಡಿಯ ವಾಲ್ವ್ ಲೆಕ್ಕ ಇಡುತ್ತದೆ. ಮುಂದಿನ ಚಕ್ರಗಳಿಗೆ ಒಂದು ಸಾಲು, ಹಿಂದಿನವಕ್ಕೆ ಇನ್ನೊಂದು. ಒಂದು ಸೋರಿದರೂ ಮತ್ತೊಂದು ಉಳಿಯಲಿ ಎಂದು. ಮೀಟರಿನಲ್ಲಿ ಎರಡು ಮುಳ್ಳಿರುವುದು ಇದಕ್ಕೇ.

ಚೇಂಬರಿಗೆ ಹೋದ ಗಾಳಿ ಒಂದು ರಬ್ಬರ್ ಪರದೆಯನ್ನು ನೂಕುತ್ತದೆ. ಲಾರಿಗಳಲ್ಲಿ ಸಾಮಾನ್ಯವಾದ ಒಂದು ಅಳತೆಯ ಪರದೆಯ ವಿಸ್ತಾರ ಸುಮಾರು 190 ಚದರ ಸೆಂಟಿಮೀಟರ್. ಪೂರಿಗಿಂತ ದೊಡ್ಡದು, ಜೋಳದ ರೊಟ್ಟಿಗಿಂತ ಚಿಕ್ಕದು. ಪ್ರತಿ ಚದರ ಸೆಂಟಿಮೀಟರಿಗೆ 7 ಕಿಲೋ ಒತ್ತಡ ಬಿದ್ದರೆ ಒಟ್ಟು ನೂಕು 1,330 ಕಿಲೋ! ಒಂದು ಕಾರನ್ನು ಆ ರೊಟ್ಟಿಯ ಮೇಲೆ ನಿಲ್ಲಿಸಿದಂತೆ. ಈ ನೂಕು ಸುಮಾರು 15 ಸೆಂಟಿಮೀಟರ್ ಉದ್ದದ ಒಂದು ತೋಳನ್ನು ತಿರುಗಿಸುತ್ತದೆ. ಅದರ ಹೆಸರು ಸ್ಲ್ಯಾಕ್ ಅಡ್ಜಸ್ಟರ್. ತೋಳು ತಿರುಗಿದಾಗ ಅದರ ತುದಿಯ, ಇಂಗ್ಲಿಷಿನ ‘ಎಸ್’ ಅಕ್ಷರದಂತೆ ಬಾಗಿದ ಕ್ಯಾಮ್ ಎರಡು ಬ್ರೇಕ್ ಶೂಗಳನ್ನು ಅಗಲಿಸಿ, ಅವುಗಳ ಮೇಲಿನ ಲೈನರನ್ನು ತಿರುಗುವ ಡ್ರಮ್ಮಿನ ಒಳಗೋಡೆಗೆ ಒತ್ತುತ್ತದೆ. ಕುರಿ ಹಿಂಡು ಪಾರಾಯಿತು. ಪೆಡಲ್ ಬಿಟ್ಟೊಡನೆ ಕೆಲಸ ಮುಗಿಸಿದ ಗಾಳಿ ಹೊರಗೆ ಹೋಗುತ್ತದೆ. ಬಸ್ಸು ಸೀನುವುದು ಆಗಲೇ.

ಗಾಳಿಗೊಂದು ಕೆಟ್ಟ ಗುಣವಿದೆ, ಅದು ಎಣ್ಣೆಯಂತಲ್ಲ. ಎಣ್ಣೆಯನ್ನು ಇತ್ತ ನೂಕಿದರೆ ಅತ್ತ ಆ ಕ್ಷಣವೇ ಬಲ ಸಿಗುತ್ತದೆ. ಗಾಳಿ ಮೊದಲು ಹರಿಯಬೇಕು, ಚೇಂಬರ್ ತುಂಬಬೇಕು, ಒತ್ತಡ ಏರಬೇಕು. ಅದಕ್ಕೆ ಸುಮಾರು ಅರ್ಧ ಸೆಕೆಂಡು ಬೇಕು. ಗಂಟೆಗೆ 60 ಕಿ.ಮೀ. ವೇಗದ ಬಸ್ಸು ಅರ್ಧ ಸೆಕೆಂಡಿನಲ್ಲಿ 8 ಮೀಟರ್ ಮುಂದೆ ಹೋಗಿರುತ್ತದೆ. ಅಪಾಯ ಕಂಡು ಡ್ರೈವರನ ಕಾಲು ಪೆಡಲ್ ಮೇಲೆ ಬೀಳುವಷ್ಟರಲ್ಲಿ ಇನ್ನೂ 12ರಿಂದ 17 ಮೀಟರ್ ಕಳೆದುಹೋಗಿರುತ್ತದೆ. ಬಸ್ಸಿನ ಮುಂದೆ ಸರ್ರನೆ ನುಗ್ಗಿ ಬ್ರೇಕು ಹಾಕುವ ಬೈಕ್ ಸವಾರರಿಗೆ ಈ ಲೆಕ್ಕ ಗೊತ್ತಿರುವುದಿಲ್ಲ. ಅವರ ಬ್ರೇಕಿಗೂ ಬಸ್ಸಿನ ಬ್ರೇಕಿಗೂ ಆರಂಭದ ಗೆರೆಯೇ ಬೇರೆ.

ಈ ವಿಳಂಬವನ್ನು ತಗ್ಗಿಸಲು ಹಿಂದಿನ ಅಚ್ಚಿನ ಬಳಿ ರಿಲೇ ವಾಲ್ವ್ ಎಂಬುದನ್ನು ಕೂರಿಸಿರುತ್ತಾರೆ. ಪಡಿತರದ ಅಕ್ಕಿ ಬಿಡುಗಡೆಯಾಗುವ ರೀತಿ ನೆನಪಿಸಿಕೊಂಡರೆ ಇದು ತಿಳಿಯುತ್ತದೆ. ಆದೇಶ ಬಾಗಲಕೋಟೆಯಿಂದ ಬರುತ್ತದೆ, ಅಕ್ಕಿ ಮಾತ್ರ ಹುನಗುಂದದ ಗೋದಾಮಿನಿಂದಲೇ ಹೊರಡುತ್ತದೆ. ಪೆಡಲಿನಿಂದ ಸಣ್ಣ ಪೈಪಿನಲ್ಲಿ ಬರುವ ಗಾಳಿ ಬರೀ ಆದೇಶ. ಅದನ್ನು ಕಂಡೊಡನೆ ಹಿಂದೆಯೇ ಇರುವ ಟ್ಯಾಂಕಿನಿಂದ ದಪ್ಪ ಪೈಪಿನಲ್ಲಿ ಗಾಳಿ ಚೇಂಬರಿಗೆ ನುಗ್ಗುತ್ತದೆ.

ಹುನಗುಂದ ಬಿಟ್ಟು ರಾಷ್ಟ್ರೀಯ ಹೆದ್ದಾರಿ 50ಕ್ಕೆ ಸೇರಿದರೆ ಕಲ್ಲಿನ ಸೀಮೆ. ಇಳಕಲ್ಲಿನ ಸೀರೆಗಿರುವಷ್ಟೇ ಹೆಸರು ಹೊರದೇಶಗಳಲ್ಲಿ ಅದರ ಕೆಂಪು, ಗುಲಾಬಿ ಗ್ರಾನೈಟಿಗಿದೆ. ಸುಮಾರು 250 ಕೋಟಿ ವರ್ಷ ಹಳೆಯ ಈ ಬಂಡೆಯ ಒಂದು ಘನ ಮೀಟರ್ ತುಂಡು 2.65 ಟನ್ ತೂಗುತ್ತದೆ. ಮೂರು ಮೀಟರ್ ಉದ್ದ, ಒಂದೂವರೆ ಮೀಟರ್ ಅಗಲ, ಅಷ್ಟೇ ಎತ್ತರದ ಬ್ಲಾಕು ಎಂದರೆ ಹತ್ತಿರ ಹತ್ತಿರ 18 ಟನ್. ಲಾರಿಯ ಮೇಲೆ ಅದು ಒಂಟಿಯಾಗಿ ಕುಳಿತಿರುತ್ತದೆ. ನೋಡಿದವರಿಗೆ ಲಾರಿ ಮುಕ್ಕಾಲುಪಾಲು ಖಾಲಿ ಇದ್ದಂತೆ ಕಾಣುತ್ತದೆ.

ಮೂರು ಅಚ್ಚಿನ ಲಾರಿಗೆ ಮೊದಲಿದ್ದ ಒಟ್ಟು ತೂಕದ ಮಿತಿ 25 ಟನ್. ಕೇಂದ್ರ ಸರ್ಕಾರ 2018ರ ಜುಲೈನಲ್ಲಿ ಅದನ್ನು 28.5 ಟನ್ನಿಗೆ ಏರಿಸಿತು. ಇಷ್ಟು ತೂಕ ಹೊತ್ತು ಗಂಟೆಗೆ 60 ಕಿ.ಮೀ. ವೇಗದಲ್ಲಿ ಹೋಗುವ ಲಾರಿಯನ್ನು ನಿಲ್ಲಿಸಿದರೆ ಅದರ ಚಲನೆಯ ಶಕ್ತಿ ಎಲ್ಲಿಗೂ ಓಡಿಹೋಗುವುದಿಲ್ಲ, ಡ್ರಮ್ಮುಗಳಲ್ಲಿ ಬಿಸಿಯಾಗಿ ಕೂಡುತ್ತದೆ. ಎಷ್ಟು ಬಿಸಿ? ಹದಿಮೂರು ಲೀಟರ್ ನೀರನ್ನು ಕುದಿಯುವ ಹದಕ್ಕೆ ತರುವಷ್ಟು. ಒಂದು ಟನ್ನಿನ ಕಾರು ಅದೇ ವೇಗದಿಂದ ನಿಂತರೆ ಅರ್ಧ ಲೀಟರೂ ಕುದಿಯದು, ನಾಲ್ಕು ಲೋಟ ಚಹಾಕ್ಕೆ ಸಾಕಾದೀತು. ಒಮ್ಮೆ ನಿಲ್ಲಿಸಿದರೆ ಲಾರಿಗೂ ತೊಂದರೆಯಿಲ್ಲ, ಡ್ರಮ್ಮುಗಳು ದಪ್ಪ ಕಬ್ಬಿಣ, ತಡೆದುಕೊಳ್ಳುತ್ತವೆ.

ಇಲ್ಲಿ ಮರೆಯಬಾರದ ಸಂಗತಿ ಒಂದಿದೆ. ಬ್ರೇಕು ನಿಲ್ಲಿಸುವುದು ಲಾರಿಯನ್ನು. ಕಲ್ಲನ್ನು ನಿಲ್ಲಿಸುವುದು ಅದಕ್ಕೆ ಬಿಗಿದ ಸರಪಳಿ. ಜೋರಾಗಿ ಬ್ರೇಕು ಹಾಕಿದಾಗ 18 ಟನ್ನಿನ ಬ್ಲಾಕು 9 ಟನ್ನಿನಷ್ಟು ಬಲದಿಂದ ಮುಂದಕ್ಕೆ, ಡ್ರೈವರನ ಬೆನ್ನಿನತ್ತ ನೂಕುತ್ತಿರುತ್ತದೆ. ಒಳ್ಳೆಯ ಬ್ರೇಕಿನಷ್ಟೇ ಒಳ್ಳೆಯ ಸರಪಳಿಯೂ ಬೇಕು ಎಂದು ಕ್ವಾರಿಯ ಹಳೆಯ ಡ್ರೈವರುಗಳು ಹೇಳುವುದು ಭೌತಶಾಸ್ತ್ರದ ಪುಸ್ತಕ ಓದಿ ಅಲ್ಲ.

ಬಯಲುಸೀಮೆಯಲ್ಲಿ ಇದೆಲ್ಲ ಸರಿ. ಕಲ್ಲು, ಸಿಮೆಂಟು, ಮೆಣಸಿನಕಾಯಿ ಹೊತ್ತು ಕರಾವಳಿಗೆ ಹೊರಟ ಲಾರಿ ಯಲ್ಲಾಪುರ ದಾಟಿ ಅರಬೈಲು ಘಟ್ಟಕ್ಕೆ ಇಳಿದಾಗ ಲೆಕ್ಕ ಬದಲಾಗುತ್ತದೆ. 28.5 ಟನ್ನಿನ ಲಾರಿ ನೂರು ಮೀಟರ್ ಎತ್ತರ ಇಳಿದರೆ, ವೇಗ ಏರದಂತೆ ಹಿಡಿದಿಡಲು ಬ್ರೇಕು ನುಂಗಬೇಕಾದ ಶಕ್ತಿ 95 ಲೀಟರ್ ನೀರನ್ನು ಕುದಿಸುವಷ್ಟು. ಘಟ್ಟ ನೂರು ಮೀಟರಿಗೆ ಮುಗಿಯುವುದಿಲ್ಲ. ಬ್ರೇಕಿನ ಮೇಲೆಯೇ ಕಾಲಿಟ್ಟು ಇಳಿದರೆ ಆರು ಡ್ರಮ್ಮುಗಳೂ ಒಲೆಗಳಾಗುತ್ತವೆ. ಲೈನರ್ ಸುಟ್ಟ ವಾಸನೆ ಹಿಂದಿನ ಗಾಡಿಯವರ ಮೂಗಿಗೆ ಬಡಿಯುತ್ತದೆ.

‘ಬ್ರೇಕ್ ಫೇಲ್’ ಎಂದು ಮರುದಿನ ಪತ್ರಿಕೆಯಲ್ಲಿ ಬರುವ ಎರಡು ಪದಗಳ ಹಿಂದೆ ಹಲವು ಸಲ ಇರುವುದು ಈ ಕತೆ. ಗಾಳಿ ಹೋಗಿರುವುದಿಲ್ಲ, ಪೈಪು ಹರಿದಿರುವುದಿಲ್ಲ. ಕಾದ ಲೈನರಿನ ಹಿಡಿತ ಕಡಿಮೆಯಾಗಿರುತ್ತದೆ. ಅದಕ್ಕಿಂತ ಮುಖ್ಯವಾಗಿ ಡ್ರಮ್ಮು ಹಿಗ್ಗಿರುತ್ತದೆ. ನಲವತ್ತು ಸೆಂಟಿಮೀಟರ್ ಚಿಲ್ಲರೆ ವ್ಯಾಸದ ಬೀಡು ಕಬ್ಬಿಣದ ಡ್ರಮ್ಮು 300 ಡಿಗ್ರಿ ಹೆಚ್ಚು ಕಾದರೆ ಅದರ ವ್ಯಾಸ ಸುಮಾರು 1.3 ಮಿಲಿಮೀಟರ್ ಬೆಳೆಯುತ್ತದೆ. ಇಷ್ಟೇನಾ ಎನಿಸಬಹುದು. ಆದರೆ ಶೂ ಆ ಕೂದಲೆಳೆಯ ಅಂತರ ದಾಟಬೇಕಾದರೆ ಉದ್ದ ತೋಳಿನ ಇನ್ನೊಂದು ತುದಿಯಲ್ಲಿ ಚೇಂಬರಿನ ಸರಳು ಸುಮಾರು 8 ಮಿಲಿಮೀಟರ್ ಹೆಚ್ಚು ಚಾಚಬೇಕು. ಸರಳಿನ ಒಟ್ಟು ಚಾಚು 64 ಮಿಲಿಮೀಟರಿನಷ್ಟು, ಅದರಾಚೆ ಡಬ್ಬಿಯ ಗೋಡೆ ಅಡ್ಡ ಬರುತ್ತದೆ. ಲೈನರ್ ಸವೆದು, ಬ್ರೇಕು ಟೈಟ್ ಮಾಡಿಸದೆ, ತಣ್ಣಗಿದ್ದಾಗಲೇ 55 ಮಿಲಿಮೀಟರ್ ಚಾಚುತ್ತಿದ್ದ ಲಾರಿ ಊರಿನಲ್ಲಿ ಚೆನ್ನಾಗಿಯೇ ನಿಲ್ಲುತ್ತಿರುತ್ತದೆ. ಘಟ್ಟದ ಮೂರನೇ ತಿರುವಿನಲ್ಲಿ ಅದೇ ಬ್ರೇಕಿನ ಸರಳು ಗೋಡೆಗೆ ತಾಗುತ್ತದೆ. ಮೀಟರಿನ ಮುಳ್ಳು ಎಂಟರಲ್ಲೇ ಇದೆ, ಪೆಡಲ್ ಪೂರ್ತಿ ಒತ್ತಿದೆ, ಬಲ ಮಾತ್ರ ಡ್ರಮ್ಮನ್ನು ಮುಟ್ಟುತ್ತಿಲ್ಲ. ಸ್ಪ್ರಿಂಗ್ ಬ್ರೇಕು ಕೂಡ ಇದೇ ಸರಳಿನ ಮೂಲಕವೇ ಕೆಲಸ ಮಾಡಬೇಕಾದ್ದರಿಂದ ಅದೂ ನೆರವಿಗೆ ಬರದು. ಗಾಳಿ ಕೈಕೊಟ್ಟರೆ ಕಾಪಾಡಲು ವೆಸ್ಟಿಂಗ್‌ಹೌಸ್ ಉಪಾಯ ಹುಡುಕಿದ. ಪಾನಾ ಹಿಡಿದು ಕಾಲು ಗಂಟೆ ಲಾರಿಯ ಕೆಳಗೆ ಮಲಗುವ ಕೆಲಸಕ್ಕೆ ಉಪಾಯ ಬರಲು ಬಹಳ ಕಾಲ ಹಿಡಿಯಿತು. ಈಗ ತಾನಾಗಿ ಬಿಗಿಯಾಗುವ ಸ್ಲ್ಯಾಕ್ ಅಡ್ಜಸ್ಟರುಗಳು ಬಂದಿವೆ. ಹಳೆಯ ಲಾರಿಗಳಲ್ಲಿ ಮಾತ್ರ ಪಾನಾವೇ ಗತಿ.

ಹಾಗಾಗಿಯೇ ಘಟ್ಟ ಹತ್ತಿದ ಗೇರಿನಲ್ಲೇ ಇಳಿಯಬೇಕು ಎಂದು ಹಿರಿಯ ಡ್ರೈವರುಗಳು ಕಿರಿಯರಿಗೆ ಹೇಳುವುದು. ಕೆಳಗಿನ ಗೇರಿನಲ್ಲಿ ಎಂಜಿನ್ನೇ ಲಾರಿಯನ್ನು ತಡೆಯುತ್ತದೆ, ಎಗ್ಸಾಸ್ಟ್ ಬ್ರೇಕ್ ಇದ್ದರೆ ಹೊಗೆಯ ದಾರಿ ಮುಚ್ಚಿ ಇನ್ನಷ್ಟು ತಡೆಯುತ್ತದೆ. ಡೀಸೆಲ್ ಉಳಿಯಲಿ ಎಂದು ಗೇರು ನ್ಯೂಟ್ರಲ್ ಮಾಡಿ ಇಳಿಯುವವರು ಈ ಉಚಿತ ಬ್ರೇಕನ್ನು ಕೈಯಾರೆ ಬಿಟ್ಟುಕೊಡುತ್ತಾರೆ. ತಮಾಷೆಯೆಂದರೆ ಡೀಸೆಲ್ಲೂ ಉಳಿಯುವುದಿಲ್ಲ. ಇಂದಿನ ಎಲೆಕ್ಟ್ರಾನಿಕ್ ಎಂಜಿನ್ನುಗಳು ಗೇರಿನಲ್ಲಿ ಇಳಿಯುವಾಗ ಡೀಸೆಲ್ ಪೂರೈಕೆಯನ್ನು ತಾವೇ ನಿಲ್ಲಿಸುತ್ತವೆ, ನ್ಯೂಟ್ರಲ್‌ನಲ್ಲಿ ನಿಂತ ಗಾಡಿಯಂತೆ ಸ್ವಲ್ಪ ಸ್ವಲ್ಪ ಕುಡಿಯುತ್ತಲೇ ಇರುತ್ತವೆ. ಎಂಜಿನ್ನನ್ನೇ ಆಫ್ ಮಾಡಿ ಇಳಿಯುವ ಧೀರರೂ ಇದ್ದಾರೆ. ಆಗ ಗಾಳಿ ತುಂಬುವ ಕಂಪ್ರೆಸರ್ ಸಹ ನಿಲ್ಲುತ್ತದೆ. ಟ್ಯಾಂಕಿನಲ್ಲಿರುವುದು ಎಣಿಸಿದಷ್ಟು ಬ್ರೇಕುಗಳಿಗೆ ಸಾಲುವ ಗಾಳಿ. ಕಂಪ್ರೆಸರ್ ನಿಂತ ಮೇಲೆ ಎಂಟು ಸಲ ಪೂರ್ತಿ ಬ್ರೇಕು ಒತ್ತಿದರೂ ಒಂಬತ್ತನೆಯದಕ್ಕೆ ತುರ್ತಿನಲ್ಲಿ ನಿಲ್ಲಿಸುವಷ್ಟು ಗಾಳಿ ಉಳಿದಿರಬೇಕು ಎಂಬುದು ಯುರೋಪಿನ ವಾಹನ ನಿಯಮದ ಅಳತೆಗೋಲು. ಘಟ್ಟದಲ್ಲಿ ಗಾಬರಿಯಾಗಿ ಪೆಡಲ್ ಪಂಪ್ ಮಾಡುವವನಿಗೆ ಎಂಟು ಎಂಬುದು ತೀರ ದೊಡ್ಡ ಸಂಖ್ಯೆಯಲ್ಲ.

ಕಲ್ಲು ಇಳಿಸಿ ಖಾಲಿ ಲಾರಿ ವಾಪಸು ಬರುವಾಗಿನ ಕಷ್ಟ ಬೇರೆ. ಖಾಲಿ ಲಾರಿ ಬೇಗ ನಿಲ್ಲುತ್ತದೆ ಎಂದು ಎಲ್ಲರೂ ಭಾವಿಸುತ್ತಾರೆ. ಆದರೆ 28 ಟನ್ನಿಗೆಂದು ಮಾಡಿದ ಬ್ರೇಕು ಖಾಲಿ ಲಾರಿಯ ಹಗುರ ಹಿಂಬದಿಯ ಮೇಲೆ ಬಿದ್ದರೆ ಚಕ್ರ ತಿರುಗುವುದು ನಿಂತು ಟೈರು ಜಾರತೊಡಗುತ್ತದೆ. ಮಳೆ ಬಿದ್ದ ಎರೆಮಣ್ಣು ರಸ್ತೆಗೆ ಹರಡಿದ್ದರಂತೂ ಲಾರಿಯ ಬಾಲವೇ ಮುಂದೆ ಬರಬಹುದು. ಇದನ್ನು ತಡೆಯಲು ಹಿಂದಿನ ಅಚ್ಚಿಗೂ ಚಾಸಿಗೂ ನಡುವೆ ಒಂದು ಸರಳಿನ ವಾಲ್ವ್ ಇಡುತ್ತಾರೆ. ಪಾಟಾ, ಅಂದರೆ ಅಚ್ಚಿನ ಪಟ್ಟಿ ಸ್ಪ್ರಿಂಗ್, ಎಷ್ಟು ಬಾಗಿದೆ ಎಂಬುದರ ಮೇಲೆ ಅದು ಹೊರೆಯನ್ನು ಅಂದಾಜು ಮಾಡಿ, ಖಾಲಿಯಿದ್ದರೆ ಗಾಳಿ ಕಡಿಮೆ ಬಿಡುತ್ತದೆ. 2015ರಿಂದ ಹೊಸ ಭಾರೀ ವಾಹನಗಳಿಗೆ ಕಡ್ಡಾಯವಾದ ಎಬಿಎಸ್ ಇನ್ನೂ ಚುರುಕು. ಚಕ್ರದ ಜೊತೆ ತಿರುಗುವ ಹಲ್ಲಿನ ಉಂಗುರವನ್ನು ಒಂದು ಸೆನ್ಸರ್ ಎಣಿಸುತ್ತಿರುತ್ತದೆ. ಚಕ್ರ ಹಠಾತ್ತನೆ ನಿಲ್ಲತೊಡಗಿದರೆ ಆ ಚಕ್ರದ ಗಾಳಿಯನ್ನು ಬಿಟ್ಟು ಹಿಡಿದು, ಬಿಟ್ಟು ಹಿಡಿದು, ಮನುಷ್ಯನ ಕಾಲಿಗೆ ಸಾಧ್ಯವಾಗದ ವೇಗದಲ್ಲಿ ಅದನ್ನು ಉರುಳಿಸುತ್ತಲೇ ನಿಲ್ಲಿಸುತ್ತದೆ. ಉಂಗುರದ ಹಲ್ಲುಗಳ ನಡುವೆ ಮಣ್ಣು ಮೆತ್ತಿ ಫಲಕದಲ್ಲಿ ದೀಪ ಹತ್ತಿದರೆ ಬಲ್ಬನ್ನೇ ಕಿತ್ತು ಮುಂದೆ ಹೋಗುವವರಿಗೆ ಮಾತ್ರ ಯಾವ ಎಬಿಎಸ್ಸೂ ಇಲ್ಲ.

ಇಷ್ಟೆಲ್ಲ ಜಾಣತನ ಇರುವ ಲಾರಿಗಳ ಪಕ್ಕದಲ್ಲೇ ಇದೇ ಜಿಲ್ಲೆಯ ಮುಧೋಳ, ಜಮಖಂಡಿ ಕಡೆಯ ರಸ್ತೆಗಳಲ್ಲಿ ಕಬ್ಬು ನುರಿಸುವ ಕಾಲಕ್ಕೆ ಇನ್ನೊಂದು ಮೆರವಣಿಗೆ ಸಾಗುತ್ತದೆ. ಒಂದು ಟ್ರ್ಯಾಕ್ಟರ್, ಹಿಂದೆ ಎರಡು ಟ್ರೇಲರ್, ಮೇಲೆ ಆಳೆತ್ತರ ಮೀರಿದ ಕಬ್ಬು, ತುದಿಯಲ್ಲಿ ದೀಪವೂ ಅನುಮಾನ. ಟ್ರೇಲರುಗಳಿಗೆ ಸಾಮಾನ್ಯವಾಗಿ ಬ್ರೇಕೇ ಇರುವುದಿಲ್ಲ. ಇಡೀ ಸಾಲನ್ನು ಟ್ರ್ಯಾಕ್ಟರಿನ ಎರಡು ಹಿಂದಿನ ಚಕ್ರಗಳೇ ಹಿಡಿಯಬೇಕು. ಇಳಿಜಾರಿನಲ್ಲಿ ಟ್ರೇಲರುಗಳು ಟ್ರ್ಯಾಕ್ಟರನ್ನು ನೂಕುತ್ತವೆ, ಕೊಂಡಿ ಕಳಚಿದರೆ ತಮ್ಮ ದಾರಿ ತಾವು ಹಿಡಿಯುತ್ತವೆ. ಇಳಕಲ್ಲಿನ ಕಲ್ಲು ಎಳೆಯುವ ದೊಡ್ಡ ಟ್ರೇಲರಿನಲ್ಲಿ ಮುಂದಿನ ಗಾಡಿಯಿಂದ ಹಿಂದಕ್ಕೆ ಹೋಗುವ ಕೆಂಪು ಪೈಪೊಂದಿರುತ್ತದೆ. ಅದು ಕಳಚಿದರೆ ಟ್ರೇಲರ್ ತಾನಾಗಿ ಬ್ರೇಕು ಹಿಡಿದು ನಿಲ್ಲುತ್ತದೆ. ವೆಸ್ಟಿಂಗ್‌ಹೌಸ್‌ನ 1872ರ ವಿಚಾರವೇ ಅದು. ಒಂದೇ ಜಿಲ್ಲೆಯ ಒಂದೇ ರಸ್ತೆಯಲ್ಲಿ ಆ ವರ್ಷದ ಆಚೆಗಿನವರೂ ಈಚೆಗಿನವರೂ ಒಬ್ಬರನ್ನೊಬ್ಬರು ಹಿಂದಿಕ್ಕುತ್ತಾ ಹೋಗುತ್ತಾರೆ.

ಎಂಜಿನ್ನೇ ಇಲ್ಲದ ಗಾಡಿಗೂ ಹವಾದಿಂದ ಬಿಡುಗಡೆ ಸಿಕ್ಕಿಲ್ಲ. ಬೆಂಗಳೂರಿನ ಎಲೆಕ್ಟ್ರಿಕ್ ಬಸ್ಸುಗಳಲ್ಲಿ ಕುಳಿತವರು ಸಿಗ್ನಲ್ಲಿನಲ್ಲಿ ಬಸ್ಸು ನಿಶ್ಶಬ್ದವಾಗಿ ನಿಂತಾಗ ಎಲ್ಲಿಂದಲೋ ಹಠಾತ್ತನೆ ಗೊರಗೊರ ಸದ್ದು ಶುರುವಾಗುವುದನ್ನು ಕೇಳಿರಬಹುದು. ಅದು ಮೋಟಾರಿನಿಂದ ಓಡುವ ಕಂಪ್ರೆಸರ್. ವೇಗ ಇಳಿಸುವ ಕೆಲಸದ ಬಹುಪಾಲನ್ನು ಅಲ್ಲಿ ಮೋಟಾರೇ ಮಾಡಿ ಬ್ಯಾಟರಿಗೆ ವಿದ್ಯುತ್ ಮರಳಿಸುತ್ತದೆ. ಆದರೂ ಬಾಗಿಲು ತೆರೆಯಲು, ಪೂರ್ತಿ ನಿಲ್ಲಲು, ಹಿಂದಿನ ಸ್ಪ್ರಿಂಗನ್ನು ಅದುಮಿಟ್ಟು ಹೊರಡಲು ಗಾಳಿ ಬೇಕೇ ಬೇಕು.

ಆ ಗಾಳಿಯ ಜೊತೆ ಕರೆಯದ ಅತಿಥಿಯೊಂದು ಬರುತ್ತದೆ, ನೀರು. ಬಾಗಲಕೋಟೆ ಒಣ ಸೀಮೆ, ವರ್ಷದ ಮಳೆ 600 ಮಿಲಿಮೀಟರಿಗೂ ಕಡಿಮೆ. ಆದರೂ ಮಳೆಗಾಲದ ಒಂದು ಸಾಧಾರಣ ದಿನ, 30 ಡಿಗ್ರಿ ಉಷ್ಣತೆ ಮತ್ತು ಶೇ 60ರಷ್ಟು ತೇವ ಇರುವಾಗ, ಒಂದು ಘನ ಮೀಟರ್ ಗಾಳಿಯಲ್ಲಿ 18 ಗ್ರಾಂ ನೀರು ಆವಿಯಾಗಿ ಅಡಗಿರುತ್ತದೆ. ಕಂಪ್ರೆಸರ್ ಆ ಗಾಳಿಯನ್ನು ಒಂಬತ್ತನೇ ಒಂದು ಪಾಲಿಗೆ ಅದುಮುತ್ತದೆ. ಅದುಮುವಾಗ ಮುಟ್ಟಲಾಗದಷ್ಟು ಬಿಸಿಯಾದ ಗಾಳಿ ಟ್ಯಾಂಕಿಗೆ ಬಂದು ತಣ್ಣಗಾದಾಗ ಅಷ್ಟು ಇಕ್ಕಟ್ಟಿನಲ್ಲಿ ಮೂರೂವರೆ ಗ್ರಾಂ ಆವಿಗಷ್ಟೇ ಜಾಗ. ಉಳಿದದ್ದು, ಅಂದರೆ ಸುಮಾರು 15 ಗ್ರಾಂ, ಹನಿಯಾಗಿ ಟ್ಯಾಂಕಿನ ತಳ ಸೇರುತ್ತದೆ. ದಿನವಿಡೀ ಕಂಪ್ರೆಸರ್ ಓಡಿದರೆ ಲೋಟಗಟ್ಟಲೆ ನೀರು. ನೀರು ಆಕ್ರಮಿಸಿದಷ್ಟು ಜಾಗ ಗಾಳಿಗೆ ತಪ್ಪುತ್ತದೆ, ವಾಲ್ವಿನ ರಬ್ಬರು ಕೆಡುತ್ತದೆ, ಉಕ್ಕು ತುಕ್ಕು ಹಿಡಿಯುತ್ತದೆ. ಕ್ವಾರಿಯ ಕಲ್ಲುಪುಡಿಯೂ ಜೊತೆಗೆ ಸೇರಿದರೆ ವಾಲ್ವಿನೊಳಗೆ ಸಾಣೆಕಲ್ಲು ಇಟ್ಟಂತೆ. ಹೊಸ ಲಾರಿಗಳಲ್ಲಿ ತೇವ ಹೀರುವ ಹರಳುಗಳ ಡ್ರೈಯರ್ ಇರುತ್ತದೆ. ಮುಳ್ಳು ಎಂಟಕ್ಕೆ ಬಂದಾಗ ಕೇಳುವ ಆ ಮೊದಲ ಸೀನು ಅದು ತನ್ನ ನೀರನ್ನು ತಾನೇ ಹೊರಗುಗುಳುವ ಸದ್ದು. ಹಳೆಯ ಲಾರಿಗಳಲ್ಲಿ ಟ್ಯಾಂಕಿನ ಅಡಿಗೆ ಒಂದು ಪುಟ್ಟ ವಾಲ್ವು, ಅದಕ್ಕೊಂದು ಉಂಗುರ. ಸಂಜೆ ಲಾರಿ ನಿಲ್ಲಿಸಿದ ಮೇಲೆ ಯಾರಾದರೂ ಬಗ್ಗಿ ಅದನ್ನು ಎಳೆಯಬೇಕು.

ಇಳಕಲ್ಲಿನ ಹೊರಗೆ, ಹೆದ್ದಾರಿ ಬದಿಯ ಢಾಬಾದ ಮುಂದೆ ಸಾಲಾಗಿ ನಿಂತ ಲಾರಿಗಳಲ್ಲಿ ಕತ್ತಲಾಗುವ ಮುಂಚೆ ಈ ಕೆಲಸ ನಡೆಯುತ್ತದೆ. ಕ್ಲೀನರ್ ಹುಡುಗ ಚಾಸಿಯ ಕೆಳಗೆ ತೂರಿ, ಉಂಗುರಕ್ಕೆ ಕಟ್ಟಿದ ಹುರಿ ಎಳೆಯುತ್ತಾನೆ. ಮೊದಲು ಕೆಮ್ಮಿದಂಥ ಸದ್ದು, ಆಮೇಲೆ ಮಜ್ಜಿಗೆ ಬಣ್ಣದ ನೀರು ಚಿಮ್ಮಿ ಕೆಂಪು ಮಣ್ಣಿನ ಮೇಲೆ ಬೀಳುತ್ತದೆ, ಕೊನೆಗೆ ಬರೀ ಗಾಳಿ.

“ಅಣ್ಣಾ, ಇವತ್ತ ಭಾಳ ನೀರ ಬಂತು ನೋಡ.”

ಡ್ರೈವರ್ ಚಹಾ ಲೋಟ ಕೆಳಗಿಟ್ಟು ಬಂದು, ಬಗ್ಗಿ, ಬೆರಳಿಗೆ ಆ ನೀರು ಹಚ್ಚಿಕೊಂಡು ತಿಕ್ಕಿ ನೋಡುತ್ತಾನೆ, ಮೂಸುತ್ತಾನೆ. ಬೆರಳು ಜಾರುತ್ತದೆ. ನೀರಿನ ಜೊತೆ ಎಂಜಿನ್ ಎಣ್ಣೆ ಬಂದಿದೆ.

“ಕಂಪ್ರೆಸರ್ ರಿಂಗ್ ಸವದಾವ. ನಾಳೆ ಮುಂಜಾನೆ ಲೋಡಿಗೆ ಹೋಗೂದು ಬ್ಯಾಡ, ಮಿಸ್ತ್ರಿ ಕಡೆ ಹೋಗೂಣು.”